ಟಾರ್ನೀಟ್‌ನ ಮದುವೆಯಲ್ಲಿ ನಾನು ಹಾಕಿದ ಗಂಟು

ನನ್ನ ಮಗಳ ಎರಡನೆಯ ಮದುವೆ ಮಾಡಿಸಲು ಬಂದ ಪುರೋಹಿತರು ಪ್ಯಾಂಟು ತೊಟ್ಟ ಹೆಂಗಸು. ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಕೈಯಲ್ಲಿ ಕಾಫಿ ಮಗ್ಗು. ಪಂಚಾಂಗವಿಲ್ಲ, ಮಣೆಯಿಲ್ಲ. ಬ್ಯಾಗಿನಿಂದ ಮೂರು ಮೊಳ ಉದ್ದದ ಬಿಳಿ ಹಗ್ಗವೊಂದನ್ನು ತೆಗೆದು ನನ್ನ ಕೈಗಿಟ್ಟು, ಇದರಿಂದ ನಿಮ್ಮ ಮಗಳ ಕೈ ಕಟ್ಟಬೇಕು ಎಂದರು. ಇಂಗ್ಲಿಷಿನಲ್ಲಿ ಅಂದದ್ದು; ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ. ಮಗಳು ಗಿರಿಜಾ ಸಿಂಕಿನ ಹತ್ತಿರ ಲೋಟ ಒರೆಸುತ್ತ ನನ್ನನ್ನೇ ನೋಡುತ್ತಿದ್ದಳು.

ಈ ಮಗಳ ಕೈಗಳನ್ನು ನಾನು ಹಿಂದೊಮ್ಮೆ ಕಟ್ಟಿದ್ದೇನೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನನ್ನು ಬಲ್ಲವರು ಬಹಳ ಜನ. ಬಟ್ಟೆ ಗಿರಣಿಯಲ್ಲಿ ಟೈಮ್‌ಕೀಪರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಅದು ದೊಡ್ಡ ಕೆಲಸವೇ. ಗಿರಿಜಾಗೆ ಇಪ್ಪತ್ತು ವರ್ಷವಾಗಿದ್ದಾಗ ಬೇರೆ ಜಾತಿಯ ಹುಡುಗನೊಬ್ಬನನ್ನು ಮೆಚ್ಚಿದಳು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಕೆಟ್ಟವನೇನಲ್ಲ. ಒಂದು ಮಧ್ಯಾಹ್ನ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟವಳನ್ನು ಅರ್ಧದಾರಿಯಿಂದ ಎಳೆದು ತಂದೆ. ಮಂಚದ ನವಾರದ ಪಟ್ಟಿ ಬಿಚ್ಚಿ ಅವಳ ಎರಡೂ ಮಣಿಕಟ್ಟುಗಳನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಅವಳು ಕೂಗಿಕೊಂಡಳು. ನನ್ನ ಹೆಂಡತಿ ಶಾಂತ ಒಲೆಯ ಮುಂದೆ ಅಲುಗಾಡದೆ ಕೂತಿದ್ದಳು. ನಾನು ಪಾಳಿಗೆ ಹೋದೆ. ಒಂದು ಪಾಳಿ ಮುಗಿದರೂ ಮನೆಗೆ ಬರಲು ಧೈರ್ಯವಾಗದೆ ಇನ್ನೊಂದು ಪಾಳಿಯನ್ನೂ ಕೇಳಿ ಪಡೆದೆ. ಮರುದಿನ ಬೆಳಿಗ್ಗೆ ಬಂದಾಗ ಶಾಂತ ಪಟ್ಟಿ ಬಿಚ್ಚಿದ್ದಳು. ತಿಂಗಳೊಳಗೆ ಹರಿಹರದ ಹುಡುಗನಿಗೆ ಕೊಟ್ಟು ಮದುವೆ ಮಾಡಿದೆ. ಅಳಿಯ ಕುಡಿಯಲಿಲ್ಲ, ಹೊಡೆಯಲಿಲ್ಲ. ಅವಳ ಜೊತೆ ಮಾತೇ ಆಡಲಿಲ್ಲ. ನಾಲ್ಕು ವರ್ಷ ನೋಡಿ ಗಿರಿಜಾ ಹೊರಗೆ ಬಂದು ನರ್ಸಿಂಗ್ ಓದಿದಳು, ಮಸ್ಕತ್ತಿಗೆ ಹೋದಳು, ಅಲ್ಲಿಂದ ಮೆಲ್ಬರ್ನಿಗೆ. ಆ ಮಧ್ಯಾಹ್ನದ ಬಗ್ಗೆ ನನ್ನೊಡನೆ ಒಂದು ಮಾತೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶಾಂತ ತೀರಿಕೊಂಡ ಮೇಲೆ ಮಗ ನಾಗರಾಜ ನನ್ನನ್ನು ಸಿಡ್ನಿಗೆ ಕರೆಸಿಕೊಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ಎಪ್ಪಿಂಗ್ ಎಂಬ ಸಬರ್ಬಿನಲ್ಲಿ, ಅಂದರೆ ಊರಿನ ಹೊರಬಡಾವಣೆಯಲ್ಲಿ, ಮೂರನೆಯ ಮಹಡಿಯ ಬಾಡಿಗೆ ಮನೆ. ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಎಂಟು ವರ್ಷದ ಮೊಮ್ಮಗಳು ದಿಯಾ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆ ಮನೆಯಲ್ಲಿ ನಾನು ಮೊದಲು ಹೆದರಿದ್ದು ಕಿಟಕಿಗಳಿಗೆ. ಅವಕ್ಕೆ ಸರಳುಗಳೇ ಇಲ್ಲ.

“ಒಂದು ಗ್ರಿಲ್ ಹಾಕಿಸೋ, ಕಳ್ಳರು ಬಂದ್ರೆ?” ಎಂದೆ.

“ಮೂರನೇ ಫ್ಲೋರಿಗಾ? ಬಾಡಿಗೆ ಮನೇಲಿ ಒಂದು ಮೊಳೆ ಹೊಡೆಯಕ್ಕೂ ಏಜೆಂಟ್ ಪರ್ಮಿಷನ್ ಬೇಕು ಅಪ್ಪಾಜಿ. ಗ್ರಿಲ್ಲಂತೆ ಗ್ರಿಲ್ಲು!”

ಎರಡನೆಯ ಭಯ ಛಾವಣಿಯದು. ನಾಲ್ಕನೆಯ ದಿನ ಒಬ್ಬನೇ ಇದ್ದಾಗ ಮಂಡಕ್ಕಿಗೆ ಒಗ್ಗರಣೆ ಹಾಕಲು ಒಣಮೆಣಸಿನಕಾಯಿ ಹುರಿದೆ. ಹೊಗೆ ತಾಗಿದರೆ ಕೂಗಲೆಂದು ಅಲ್ಲಿ ಕೂರಿಸಿದ್ದ ಬಿಳಿ ಬಿಲ್ಲೆಯೊಂದು ಕಿವಿ ಹರಿಯುವಂತೆ ಕಿರುಚತೊಡಗಿತು. ಎದುರು ಮನೆಯ ಚೀನೀ ಮುದುಕಿ ಓಡಿ ಬಂದು ಬಾಗಿಲು ತಟ್ಟಿದಳು. ಮೇಲಿನ ಮನೆಯವನೂ ಇಳಿದು ಬಂದ. ಪೊಲೀಸರೇ ಬಂದಷ್ಟು ಹೆದರಿದೆ. ಮುದುಕಿ ಟವೆಲ್ ಬೀಸಿ ಹೊಗೆ ಓಡಿಸಿ, ನನ್ನ ಬೆನ್ನು ತಟ್ಟಿ ಹೋದಳು. ಆಮೇಲೆ ಕೂತು ಯೋಚಿಸಿದಾಗ ಭಯ ಹೆಚ್ಚಿತು. ಇಲ್ಲಿ ಒಂದು ಮೆಣಸಿನಕಾಯಿ ಹುರಿದರೆ ಎರಡು ಮನೆಯವರು ಓಡಿ ಬರುತ್ತಾರೆ. ನಮ್ಮ ಓಣಿಯಲ್ಲಿ ಬಾಗಿಲುಗಳೆಲ್ಲ ತೆರೆದೇ ಇದ್ದವು, ನನ್ನ ಮಗಳು ಕೂಗಿದ್ದು ಎಲ್ಲರಿಗೂ ಕೇಳಿತ್ತು. ಯಾರೂ ಬರಲಿಲ್ಲ. ಮರುದಿನ ಇಬ್ಬರು ನನ್ನನ್ನು ಚಹಕ್ಕೆ ಕರೆದು, ಒಳ್ಳೇ ಕೆಲಸ ಮಾಡಿದ್ರಿ ಎಂದರು.

ನಿಧಾನಕ್ಕೆ ಕಲಿತೆ. ರಸ್ತೆ ದಾಟಲು ಕಂಬದ ಗುಂಡಿ ಒತ್ತಿ ಕಾಯುವುದು, ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಹೇಳುವುದು. ಒಬ್ಬನೇ ಲೈಬ್ರರಿಗೆ ಹೋಗಿ ಬಂದ ದಿನ ಎಸ್ಸೆಸ್ಸೆಲ್ಸಿ ಪಾಸಾದಷ್ಟು ಹಿಗ್ಗಿದೆ. ಆದರೆ ಫೋನ್ ರಿಂಗಾದರೆ ಈಗಲೂ ಹೆದರುತ್ತಿದ್ದೆ. ಗಿರಿಜಾ ಪ್ರತಿ ಭಾನುವಾರ ಫೋನ್ ಮಾಡಿ ಬಿಪಿ ಮಾತ್ರೆ ತಗೊಂಡ್ರಾ ಎಂದು ಕೇಳುತ್ತಿದ್ದಳು. ಅಷ್ಟೇ. ಒಂದು ಭಾನುವಾರ ಇನ್ನೊಂದು ಮಾತು ಸೇರಿಸಿದಳು.

“ನಾನು ಮದುವೆ ಆಗ್ತಾ ಇದೀನಿ ಅಪ್ಪಾಜಿ. ಇಯನ್ ಅಂತ, ಆಂಬ್ಯುಲೆನ್ಸ್ ಓಡಿಸ್ತಾರೆ. ಅವರ ಅಜ್ಜಿ ಕಡೆಯವರು ಸ್ಕಾಟ್ಲೆಂಡಿನವರು. ಅವರಲ್ಲಿ ಕೈ ಕಟ್ಟೋ ಶಾಸ್ತ್ರ ಇದೆ, ಹ್ಯಾಂಡ್‌ಫಾಸ್ಟಿಂಗ್ ಅಂತಾರೆ. ಅದನ್ನ ನೀವು ಮಾಡ್ಬೇಕು.”

“ನಾಗರಾಜ ಮಾಡ್ಲಿ ಬಿಡವ್ವ,” ಎಂದೆ.

“ಇಲ್ಲ. ನೀವೇ.”

ಎರಡು ವಾರ ನಿದ್ದೆ ಕೆಟ್ಟಿತು. ಈ ಶಾಸ್ತ್ರಕ್ಕೆ ನನ್ನನ್ನೇ ಏಕೆ ಕರೆದಳು? ಇಪ್ಪತ್ತೊಂದು ವರ್ಷ ಬಾಯಿ ಬಿಡದವಳು ತನ್ನ ಹೊಸ ಜನರ ಮುಂದೆ ನನ್ನನ್ನು ನಿಲ್ಲಿಸಿ ಹೇಳಿಬಿಡಲು ದಿನ ನೋಡಿದ್ದಾಳೆ ಎಂದೇ ಅನ್ನಿಸಿತು.

ಸಿಡ್ನಿಯಿಂದ ಮೆಲ್ಬರ್ನಿಗೆ ಕಾರಿನಲ್ಲಿ ಇಡೀ ದಿನದ ದಾರಿ. ಒಣಗಿದ ಬಯಲು, ನಡುನಡುವೆ ಕಾಂಗರೂ ಚಿತ್ರದ ಹಳದಿ ಫಲಕ. ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ನಾನು ಸೀಟು ಹಿಡಿಯುತ್ತಿದ್ದೆ. ದಿಯಾ ನಕ್ಕಳು: “ಅಜ್ಜ, ಯು ಆರ್ ಸ್ಕೇರ್ಡ್ ಆಫ್ ಎವ್ರಿಥಿಂಗ್!”

ಟಾರ್ನೀಟ್ ಮೆಲ್ಬರ್ನಿನ ಪಶ್ಚಿಮದ ಅಂಚು. ಎಪ್ಪಿಂಗಿನಲ್ಲಿ ಮರ, ಮಹಡಿ, ರೈಲಿನ ಸದ್ದು. ಇಲ್ಲಿ ಈಗಷ್ಟೇ ಎದ್ದ ಒಂದೇ ತರಹದ ಮನೆಗಳು, ಅವುಗಳಾಚೆ ಬರೀ ಹುಲ್ಲುಗಾವಲು, ತಡೆಯಿಲ್ಲದ ಗಾಳಿ. ಹಾಲು ತರಬೇಕಾದರೂ ಕಾರು ತೆಗೆಯಬೇಕು. ಗಿರಿಜಾ ಬ್ಯಾಂಕ್ ಸಾಲ ಮಾಡಿ ಕೊಂಡ ಮನೆ ಅದು. ನಡುಮನೆಯ ಒಂದು ಗೋಡೆಯ ತುಂಬ ಗಾಜಿನ ಕಿಟಕಿ. ಪರದೆ ಸಹ ಇಲ್ಲ. ಕಳ್ಳರ ಮಾತು ನನ್ನ ನಾಲಗೆಗೆ ಬಂದದ್ದು ಅಲ್ಲೇ ನಿಂತಿತು.

ಮದುವೆ ಮಾಡಿಸುವವರ ಹೆಸರು ಮಾರ್ಗರೆಟ್. ಇಂಥವರನ್ನು ಇಲ್ಲಿ ಸೆಲೆಬ್ರಂಟ್ ಅನ್ನುತ್ತಾರೆ. ಸರ್ಕಾರದ ಅನುಮತಿ ಪಡೆದವರು, ಧರ್ಮದ ಗೊಡವೆಯಿಲ್ಲ. ಆ ದಿನ ಅಡುಗೆಮನೆಯಲ್ಲಿ ಅವರು ಇಯನ್‌ನ ಕೈ ಮತ್ತು ಗಿರಿಜಾಳ ಕೈ ಕೂಡಿಸಿ, ಹಗ್ಗವನ್ನು ಮೇಲೆ ಸುಮ್ಮನೆ ಹಾಸಿ ತೋರಿಸಿದರು. ಗಂಟು ಹಾಕುವಂತಿಲ್ಲ. ತುದಿಗಳನ್ನು ಗಂಡು ಹೆಣ್ಣು ತಾವೇ ಬೆರಳಲ್ಲಿ ಹಿಡಿದು ಕೈ ಹಿಂದಕ್ಕೆ ಎಳೆದುಕೊಂಡರೆ ಗಂಟು ತಾನಾಗಿ ಬೀಳುತ್ತದೆ. ಕೈಗಳು ಹೊರಗೆ ಬರುತ್ತವೆ, ಗಂಟು ಹಗ್ಗದಲ್ಲಿ ಉಳಿಯುತ್ತದೆ. ಕಾನೂನಿನ ಮಾತು, ಸಹಿ ಎಲ್ಲ ಆಮೇಲೆ.

“ಹಗ್ಗ ಇಟ್ಟ ಮೇಲೆ ನೀವು ಎರಡು ಮಾತಾಡ್ಬೇಕು ಅಪ್ಪಾಜಿ,” ಎಂದಳು ಗಿರಿಜಾ.

“ನಂಗೆ ಇಂಗ್ಲಿಷ್ ಬರಲ್ಲ.”

“ಕನ್ನಡದಲ್ಲೇ ಹೇಳಿ. ನಾನು ಇಂಗ್ಲಿಷಲ್ಲಿ ಹೇಳ್ತೀನಿ ಎಲ್ಲರಿಗೂ.”

ಮದುವೆಗೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನವೂ ಬೆಳಿಗ್ಗೆ ನಾವಿಬ್ಬರೇ ಅಡುಗೆಮನೆಯಲ್ಲಿ ಕಾಫಿ ಕುಡಿದೆವು. ಹೇಳಬೇಕೆಂದು ಬಾಯಿ ತೆರೆದು, ಕಾಫಿ ಚೆನ್ನಾಗಿದೆ ಎಂದೆ. ಎರಡನೆಯ ದಿನ, ಇಲ್ಲಿ ಗಾಳಿ ಬಹಳ ಎಂದೆ. ಮೂರನೆಯ ದಿನ ಲೋಟ ತೊಳೆದಿಟ್ಟು ಎದ್ದುಹೋದೆ.

ಮದುವೆ ನದಿಯ ಪಕ್ಕದ ಪಾರ್ಕಿನಲ್ಲಿ, ಹಗಲು ಹನ್ನೊಂದಕ್ಕೆ. ಎಂಬತ್ತು ಕುರ್ಚಿ. ಅವಳ ಜೊತೆಯ ನರ್ಸುಗಳು, ಇಯನ್‌ನ ಕಡೆಯವರು, ಏಳೆಂಟು ಕನ್ನಡದ ಸಂಸಾರ. ಗಿರಿಜಾ ಹಸಿರು ರೇಷ್ಮೆ ಉಟ್ಟಿದ್ದಳು. ಮಾರ್ಗರೆಟ್ ಕರೆದರು. ನಾನು ಎದ್ದು ಹೋದೆ. ಗಾಳಿಗೆ ಹಗ್ಗದ ತುದಿ ಹಾರಿತು. ಹಿಡಿದೆ. ಮತ್ತೆ ಹಾರಿತು. ನಮ್ಮಲ್ಲಿ ಕಂಕಣವಿರಲಿ, ಮಾಂಗಲ್ಯವಿರಲಿ, ಹಿರಿಯರು ನಿಂತರೆಂದರೆ ಗಂಟು ಭದ್ರವಾಗಬೇಕು. ಅರವತ್ತೆಂಟು ವರ್ಷದಿಂದ ನೋಡಿದ್ದು ಅದನ್ನೇ. ಬೆರಳುಗಳು ತಾವೇ ಹಗ್ಗವನ್ನು ಅವರಿಬ್ಬರ ಕೂಡಿದ ಮಣಿಕಟ್ಟಿನ ಸುತ್ತ ತಂದು, ಒಂದು ಸುತ್ತು, ಇನ್ನೊಂದು ಸುತ್ತು, ಬಿಗಿಯಾಗಿ ಎಳೆದು ಗಂಟು ಹಾಕಿಬಿಟ್ಟವು.

ತಲೆಯೆತ್ತಿದೆ. ಗಿರಿಜಾಳ ಮುಖ ಬಿಳುಚಿತ್ತು. ನಲವತ್ತೊಂದು ವರ್ಷದ ಹೆಂಗಸು, ದಿನಕ್ಕೆ ಹತ್ತು ರೋಗಿಗಳನ್ನು ಎತ್ತಿ ಕೂರಿಸುವವಳು, ನನ್ನ ಕೈಗಳನ್ನು ನೋಡಿ ಹೆದರಿದ್ದಳು. ಇಷ್ಟು ವಾರ ನನಗೆ ನನ್ನ ಭಯ ಮಾತ್ರ ಕಂಡಿತ್ತು.

“ಬಿಚ್ಚಿ,” ಎಂದಳು, ನನಗೆ ಮಾತ್ರ ಕೇಳುವಷ್ಟು.

ಬಿಚ್ಚಲು ಹೋದೆ. ಗಂಟು ಕಚ್ಚಿಕೊಂಡಿತ್ತು. ಉಗುರು ಜಾರುತ್ತಿತ್ತು. ಜನ ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಇಯನ್ ಇನ್ನೊಂದು ಕೈ ಚಾಚಲು ನೋಡಿದ. ಗಿರಿಜಾ ಬೇಡವೆಂದು ತಲೆಯಾಡಿಸಿದಳು. ಬಿಚ್ಚುತ್ತ ಬಿಚ್ಚುತ್ತಲೇ ನನ್ನ ಬಾಯಿಂದ ಮಾತು ಬಂತು, ಕನ್ನಡದಲ್ಲಿ.

“ಇವಳಿಗೆ ಇಪ್ಪತ್ತು ವರ್ಷ ಇದ್ದಾಗ ಇವಳ ಇಷ್ಟದ ಮದುವೆ ತಪ್ಪಿಸಕ್ಕೆ ನಾನು ಇವಳ ಕೈ ಕಿಟಕಿಗೆ ಕಟ್ಟಿ ಹಾಕಿದ್ದೆ. ಒಂದು ಹಗಲು. ತಪ್ಪು ಮಾಡಿದೆ. ಇವತ್ತಿನ ತನಕ ಕ್ಷಮಿಸು ಅಂತ ಕೇಳಿಲ್ಲ.”

ಗಂಟು ಸಡಿಲಾಯಿತು. ಕನ್ನಡದವರ ಸಾಲಿನಲ್ಲಿ ಒಬ್ಬರೂ ಅಲುಗಲಿಲ್ಲ. ಉಳಿದವರು ನಗುಮುಖ ಮಾಡಿಕೊಂಡು ಗಿರಿಜಾಳ ಕಡೆ ತಿರುಗಿದರು, ಮುದುಕ ಏನು ಹರಸಿದ ಎಂದು ತಿಳಿಯಲು. ಅವಳು ಬೇರೇನಾದರೂ ಹೇಳಬಹುದಿತ್ತು. ನಾನು ಆ ಕ್ಷಣ ಅದನ್ನೇ ಬಯಸಿದೆ, ಸುಳ್ಳು ಹೇಳುವುದಿಲ್ಲ.

ಅವಳು ಡಾಕ್ಟರಿಗೆ ರೋಗಿಯ ವರದಿ ಓದುವಂಥ ದನಿಯಲ್ಲಿ, ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ. ಒಂದು ಕಡೆ ಮಾತ್ರ ನನ್ನ ಮಾತನ್ನು ತಿದ್ದಿದಳು. ಒಂದು ಹಗಲು ಎಂದು ನಾನು ಅಂದದ್ದನ್ನು, ಒಂದು ಹಗಲು ಒಂದು ರಾತ್ರಿ ಎಂದಳು.

ಆಮೇಲೆ ಹಗ್ಗವನ್ನು ನನ್ನ ಕೈಗೇ ಕೊಟ್ಟು, “ಮೇಲೆ ಇಡಿ. ಗಂಟು ಬೇಡ,” ಎಂದಳು. ಇಟ್ಟೆ. ಅವರಿಬ್ಬರೂ ತುದಿ ಹಿಡಿದು ಕೈ ಹಿಂದಕ್ಕೆಳೆದುಕೊಂಡರು. ಗಂಟು ತಾನಾಗಿ ಬಿತ್ತು.

ಊಟದ ಹೊತ್ತಿಗೆ ಕೆಲವರು ನನ್ನ ಪಕ್ಕದ ಕುರ್ಚಿ ಬಿಟ್ಟು ಕೂತರು. ಇಯನ್‌ನ ತಾಯಿ ಒಂದು ತಟ್ಟೆ ತಂದು ನನ್ನ ಮುಂದಿಟ್ಟು ಹೋದರು. ನಾಗರಾಜ ಕಾರಿನ ಹಿಂದೆ ಕರೆದುಕೊಂಡು ಹೋಗಿ ಸಿಡಿದ.

“ಇವತ್ತೇ ಹೇಳ್ಬೇಕಿತ್ತಾ ಅಪ್ಪಾಜಿ? ಅವಳ ದಿನ ಇದು! ನಿಮ್ಮ ಭಾರ ಇಳಿಸ್ಕೊಳಕ್ಕೆ ಅವಳ ಮದುವೇನೇ ಬೇಕಾಯ್ತಾ?”

ಅವನು ಆಗ ಹದಿಮೂರು ವರ್ಷದವನು, ಅಜ್ಜಿಯ ಮನೆಯಲ್ಲಿದ್ದ. ಅವನಿಗೂ ಗೊತ್ತಾದದ್ದು ಅಂದೇ.

ಸಂಜೆ ಅಡುಗೆಮನೆಯಲ್ಲಿ ಗಿರಿಜಾ ರೇಷ್ಮೆ ಸೀರೆಯಲ್ಲೇ ನಿಂತು ನೀರು ಕುಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ.

“ನಿಮ್ಮಮ್ಮ ಸಂಜೆಗೇ ಬಿಚ್ಚಿರ್ತಾಳೆ ಅಂದ್ಕೊಂಡಿದ್ದೆ,” ಎಂದೆ.

“ಬೆಳಿಗ್ಗೆ ನಿಮ್ಮ ಸೈಕಲ್ ಬೆಲ್ ಕೇಳಿದ ಮೇಲೆ ಬಿಚ್ಚಿದ್ದು. ಅಲ್ಲೀ ತನಕ ಅವಳಿಗೂ ನಿಮ್ಮ ಭಯ. ರಾತ್ರಿ ಚಮಚದಲ್ಲಿ ಗಂಜಿ ಕುಡಿಸಿದ್ಲು.”

“ನಂಗೆ ಗೊತ್ತಿರಲಿಲ್ಲವ್ವ.”

“ನೀವು ಕೇಳ್ಲಿಲ್ಲ.” ಲೋಟ ಕೆಳಗಿಟ್ಟಳು. “ಈ ಶಾಸ್ತ್ರಕ್ಕೆ ನಿಮ್ಮನ್ನ ಯಾಕೆ ಕರೆದೆ ಗೊತ್ತಾ? ನೀವು ಹಗ್ಗ ಇಡ್ತೀರಿ, ನಾನು ಕೈ ತೆಕ್ಕೊಂಡು ಹೊರಗೆ ಬರ್ತೀನಿ. ಅದನ್ನ ನೀವು ನೋಡ್ಬೇಕಿತ್ತು. ಅಷ್ಟೇ. ಮಾತು ಬೇಕಿರಲಿಲ್ಲ. ಮಾತಾಡೋದೇ ಆಗಿದ್ರೆ ಮೂರು ದಿನ ಇಲ್ಲೇ ಕೂತಿದ್ವಲ್ಲ, ಕಾಫಿ ಕುಡೀತಾ. ಮೊದಲು ನಂಗೆ ಹೇಳ್ಬೇಕಿತ್ತು ಅಪ್ಪಾಜಿ. ಎಂಬತ್ತು ಜನಕ್ಕೆ ಹೇಳೋ ಮೊದ್ಲು ನಂಗೆ.”

ಕ್ಷಮಿಸಿದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ನನ್ನ ಮಾತ್ರೆಯ ಡಬ್ಬಿ ತೆಗೆದು, ಸಂಜೆಯದನ್ನು ನುಂಗಿಲ್ಲವೆಂದು ತೋರಿಸಿದಳು.

ಈಗ ಎಪ್ಪಿಂಗಿನಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯಲೇ ಎಂದು ಈ ಸಲ ಮೊದಲು ಅವಳನ್ನೇ ಕೇಳಿದೆ. “ಬರೀರಿ. ನನ್ನ ಹೆಸರು ಬದಲಾಯಿಸ್ಬೇಡಿ. ಆ ಓಣಿಯವರೂ ಓದ್ಲಿ,” ಎಂದಳು.

ನಾಗರಾಜ ನನ್ನ ಪಿಆರ್, ಅಂದರೆ ಇಲ್ಲೇ ಉಳಿಯುವ ಪರವಾನಗಿ, ಅದರ ಕಾಗದ ತುಂಬುತ್ತಿದ್ದಾನೆ. ನಾನು ಸಹಿ ಹಾಕದೆ ಮುಂದೂಡುತ್ತಿದ್ದೇನೆ. ದಾವಣಗೆರೆಯಲ್ಲಿ ಸಂಜೆ ನನಗಾಗಿ ಜಾಗ ಹಿಡಿದಿಡುವ ಗೆಳೆಯರಿದ್ದಾರೆ; ಮಗಳನ್ನು ಹದ್ದುಬಸ್ತಿನಲ್ಲಿಟ್ಟವರು ಎಂದು ನನ್ನನ್ನು ಹೊಗಳಿದ್ದು ಅವರೇ. ಇದನ್ನು ಓದಿ ಅವರು ಜಾಗ ಕೊಡದಿದ್ದರೆ ಎಂಬ ಭಯವಿದೆ. ಓದಿಯೂ ಹಾಗೆಯೇ ಜಾಗ ಕೊಟ್ಟರೆ ಎಂಬುದು ಅದಕ್ಕಿಂತ ದೊಡ್ಡ ಭಯ. ಆ ಕಡೆ ಟಾರ್ನೀಟ್‌ನಲ್ಲಿ, ನಾನು ಏನು ಮಾಡಿದವನೆಂದು ಬಲ್ಲ ಜನರಿದ್ದಾರೆ. ಅವರ ನಡುವೆ ನಾನು ಯಾರ ಹಿರಿಯನೂ ಅಲ್ಲ.

ಹೋದ ಭಾನುವಾರ ಗಿರಿಜಾ, ಚಳಿಗಾಲ ಇಲ್ಲೇ ಕಳೀರಿ, ರೂಮ್ ಖಾಲಿ ಇದೆ ಎಂದಳು. ಒಂದು ಬೀಗದಕೈ ಕೊಟ್ಟಿರವ್ವ, ನೀವಿಬ್ರೂ ಡ್ಯೂಟಿಗೆ ಹೋದಾಗ ಬೇಕಾಗುತ್ತೆ ಎಂದೆ.

ಅವಳು ಹೇಳಿದಳು: “ಈಗ ಬೇಡ ಅಪ್ಪಾಜಿ. ಬಂದಾಗ ಬೆಲ್ ಮಾಡಿ. ನಾನೇ ತೆಗೀತೀನಿ.”