ಕೋಡಿಬಾಗದ ಗರಡಿಯ ಜಟ್ಟ

೧೯೩೬ನೆಯ ಇಸವಿ ಜುಲೈ ೧೨, ಭಾನುವಾರ. ಆಷಾಢದ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಅಂದು ಕಾರವಾರದ ಕೋಡಿಬಾಗದಲ್ಲಿ, ಗರಡಿಗೆ ತಾಗಿಸಿ ಕಟ್ಟಿದ ಚಿಕಿತ್ಸೆಯ ಕೋಣೆಯನ್ನು ತೆರೆದರು. ಉಳುಕು, ಕೀಲುನೋವು ಬಂದ ಪೈಲ್ವಾನರಿಗೆ ಎಣ್ಣೆ ತಿಕ್ಕುವ ಕ್ರಮವನ್ನು ಊರಿನ ಡಾಕ್ಟರರೊಬ್ಬರು ಜಟ್ಟನಿಗೆ ಕಲಿಸಿ, ಆ ಕೆಲಸವನ್ನು ಅವನಿಗೇ ಒಪ್ಪಿಸಿದ್ದರು.

ಜಟ್ಟನು ಅಂಕೋಲೆಯ ಕಡೆಯ ಭಾವಿಕೇರಿಯಿಂದ ಕೂಲಿಗೆ ಬಂದವನು. ಗರಡಿಯಲ್ಲಿ ಎಲ್ಲರಿಗಿಂತ ಹಿರಿಯ ಪೈಲ್ವಾನ. ಹಿಂದಿನ ಬೇಸಿಗೆಯಲ್ಲಿ ಮೊಣಕಾಲಿನ ಕೀಲು ತಪ್ಪಿ ಅವನ ಕುಸ್ತಿ ನಿಂತಿತ್ತು. ಈ ಕೆಲಸವೂ ಕೈಗೂಡದಿದ್ದರೆ ಅವನು ಗರಡಿಯನ್ನೇ ಬಿಡಬೇಕಾಗಿತ್ತು. ಆದರೆ ಗರಡಿಯಲ್ಲಿ ಕಿರಿಯರು ಹಿರಿಯರ ಕಾಲು ತಿಕ್ಕುವುದು ಪದ್ಧತಿ. ಹಿರಿಯನು ಕಿರಿಯನ ಕಾಲು ತಿಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಮೊದಲು ಬಂದವನು ಅವನ ಶಿಷ್ಯನಾದ ಸುಬ್ಬ. ಪಾದ ಉಳುಕಿ ಬಾತುಕೊಂಡಿದ್ದರೂ ಅವನು ಕಾಲನ್ನು ಪಂಚೆಯೊಳಗೆ ಎಳೆದುಕೊಂಡು ಕುಳಿತನು.

“ಬೇಡ ಜಟ್ಟಣ್ಣ. ನೀವು ನನ್ನ ಕಾಲು ಮುಟ್ಟೂದಾ? ನಂಗೆ ಪಾಪ ಬತ್ತದೆ.”

ಬಾಗಿಲಲ್ಲಿ ಕಾದಿದ್ದವರೂ ಹಿಂದೆ ಸರಿದರು. ಜಟ್ಟನು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟನು.

“ಹೋದ ವರ್ಷ ಇದೇ ಕಾಲು ಹಿಡ್ಕಂಡು ನಿನ್ನ ಮಣ್ಣಿಗೆ ಕೆಡಗಿದ್ನಲ್ಲೋ ಮಾರಾಯ, ಆಗ ಎಲ್ಲಿಗೆ ಹೋಗಿತ್ತು ನಿನ್ನ ಪಾಪ? ಚಾಚು ಕಾಲು!”

ಎಲ್ಲರೂ ನಕ್ಕರು. ಸುಬ್ಬನು ಜಟ್ಟನ ಪಾದ ಮುಟ್ಟಿ ನಮಸ್ಕರಿಸಿ, ಆಮೇಲೆ ತನ್ನ ಕಾಲನ್ನು ಚಾಚಿದನು. ಉಳಿದವರೂ ಹಾಗೆಯೇ ಮಾಡಿದರು.

ಸುಬ್ಬನು ನವೆಂಬರ್ ೨೨ರಂದು ಅಂಕೋಲೆಯಲ್ಲಿ ಮತ್ತೆ ಕುಸ್ತಿಗೆ ಇಳಿದು ಸೋತನು. ಚಿಕಿತ್ಸೆಯ ಕೋಣೆ ೧೯೩೯ರ ಮೇ ೩೧ರಂದು ಮುಚ್ಚಿತು. ಅಲ್ಲಿಯವರೆಗೂ ಜಟ್ಟನು ಗರಡಿಯಲ್ಲಿದ್ದನು.