ಮೊಮ್ಮಗಳ ತೂಕದ ಅಕ್ಕಿ

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನನ್ನನ್ನು ಅಕ್ಕಿಯ ಎದುರು ತೂಗುತ್ತಿದ್ದರು. ಸಿಂಧನೂರಿನ ಗಿರಣಿಯೊಂದರಲ್ಲಿ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ ಇತ್ತು. ಅದರ ಒಂದು ತಟ್ಟೆಯಲ್ಲಿ ಹೊಸ ಲಂಗ ತೊಟ್ಟ ನಾನು, ಇನ್ನೊಂದರಲ್ಲಿ ನಮ್ಮ ಗದ್ದೆಯ ಹೊಸ ಅಕ್ಕಿ. ತೂಗಿದಷ್ಟು ಅಕ್ಕಿ ಮಠದ ದಾಸೋಹಕ್ಕೆ ಹೋಗುತ್ತಿತ್ತು. ಇದು ಆಯಿಯ ಹರಕೆ. ಆಯಿ ಎಂದರೆ ನಮ್ಮಪ್ಪನ ತಾಯಿ. ನನಗೆ ಹನ್ನೆರಡು ತುಂಬುವವರೆಗೆ ಹೀಗೆ ತೂಗಿಸುತ್ತೇನೆಂದು ದೇವರಿಗೆ ಮಾತು ಕೊಟ್ಟಿದ್ದಳು.

ಹರಕೆಗೆ ಕಾರಣವಿತ್ತು. ನನಗಿಂತ ಮೊದಲು ನಮ್ಮವ್ವ ಹಡೆದ ಎರಡು ಕೂಸುಗಳು, ಕಾಲುವೆ ನೀರು ಬರುವ ಮುಂಚಿನ ದಿನಗಳಲ್ಲಿ, ಸೊರಗಿ ಸೊರಗಿ ತೀರಿಹೋಗಿದ್ದವು. ನಾನು ಹುಟ್ಟಿದ ಮೇಲೆ ಗೊರೇಬಾಳದ ನಮ್ಮ ಹೊಲಕ್ಕೆ ನೀರು ಬಂತು, ಜೋಳದ ಹೊಲ ನೆಲ್ಲಿನ ಗದ್ದೆಯಾಯಿತು. ಆಯಿ ಮಸ್ಕಿ ಕಡೆಯ ಒಣ ಬೇಸಾಯದ ಮನೆಯ ಮಗಳು, ಹಬ್ಬಕ್ಕೊಮ್ಮೆ ಅನ್ನದ ಮುಖ ಕಂಡವಳು. ಮನೆಯಲ್ಲೇ ಅಕ್ಕಿ ಚೀಲ ಒಟ್ಟಿದ ಮೇಲೆ ಅವಳ ಕೈ ತಡೆಯುವವರು ಯಾರು? ಬೆಳಗ್ಗೆ ತುಪ್ಪ ಅನ್ನ, ಮಧ್ಯಾಹ್ನ ಬೆಲ್ಲ ಕಲಸಿದ ಅನ್ನ, ಸಂಜೆ ಗೋಧಿ ಬೆಲ್ಲದ ಮಾದಲಿ, ರಾತ್ರಿ ಹಾಲು ಅನ್ನ. ನಾನು ಬಾಯಿ ತೆರೆದರೆ ತುತ್ತು ಬೀಳುತ್ತಿತ್ತು. ಮಾತಾಡಲು ತೆರೆದರೂ ತುತ್ತು, ಅಳಲು ತೆರೆದರೂ ತುತ್ತು.

ಓಣಿಯ ಹೆಂಗಸರು ಗಲ್ಲ ಹಿಂಡಿ, “ನೋಡ್ರೆವಾ, ಕಾಲುವಿ ನೀರು ಕುಡದ ಕೂಸು ಹೆಂಗ ದುಂಡಗ ಆಗ್ಯಾದ!” ಎನ್ನುತ್ತಿದ್ದರು. ಆಯಿ ಒಳಗೊಳಗೇ ಹಿಗ್ಗಿ, ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ನನ್ನ ಪಾಡು ಮಾತ್ರ ನನಗೇ ಗೊತ್ತು. ನೆಲಕ್ಕೆ ಕೂತರೆ ಕೈ ಊರದೆ ಏಳಲು ಬಾರದು. ತೊಡೆಗೆ ತೊಡೆ ಉಜ್ಜಿ ಗಾಯವಾಗಿ, ರಾತ್ರಿ ಅವ್ವ ಕೊಬ್ಬರಿ ಎಣ್ಣೆ ಹಚ್ಚುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ನಮ್ಮ ಶಾಲೆಯ ಬಯಲಿನಲ್ಲಿ ಖೋ ಖೋ ಆಡಲು ಕಂಬವಿರಲಿಲ್ಲ. ಅದಕ್ಕೆ ಒಂದು ತುದಿಗೆ ಬೇವಿನ ಮರ, ಇನ್ನೊಂದು ತುದಿಗೆ ನಾನು. ಹುಡುಗಿಯರು ಓಡಿಬಂದು ನನ್ನ ಸೊಂಟ ಹಿಡಿದು ತಿರುಗಿ ಹೋಗುತ್ತಿದ್ದರು. ಆಟಕ್ಕೆ ಸೇರಿಸಿಕೊಂಡರಲ್ಲ ಎಂದು ಮೊದಮೊದಲು ಖುಷಿಯಾಗಿತ್ತು. ಆಮೇಲಾಮೇಲೆ ಒಬ್ಬೊಬ್ಬಳು ಬಂದು ಮುಟ್ಟಿದಾಗಲೂ ಮೈ ಉರಿಯುತ್ತಿತ್ತು.

ನನಗೆ ಹತ್ತಾದ ವರ್ಷ ಶಾಲೆಗೆ ಲಿಂಗಸುಗೂರಿನ ಕಡೆಯ ಅಕ್ಕೋರೊಬ್ಬರು ಪಾಠ ಹೇಳಲು ಬಂದರು. ಮೊದಲ ದಿನವೇ ನಾನು ಕಂಬವಾಗಿ ನಿಂತಿದ್ದನ್ನು ನೋಡಿದರು.

“ಯಾಕವಾ, ನಿನಗ ಓಡಬೇಕು ಅನಸಂಗಿಲ್ಲೇನು?”

“ಅನಸ್ತದರಿ. ಉಸುರು ಸಾಲಂಗಿಲ್ರಿ.”

ಅವರು ನಗಲಿಲ್ಲ. ಮರುದಿನ ಬಯಲಿನಲ್ಲಿ ಎರಡು ಜಾಲಿ ಕಂಬ ಹೂಳಿಸಿದರು. ಇದ್ದ ಒಂದು ಕೆಲಸವೂ ಹೋಯಿತಲ್ಲ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಅವರು ಎರಡು ಕಾನೂನು ಮಾಡಿದರು. ಪ್ರಾರ್ಥನೆಗೆ ಮೊದಲು ಎಲ್ಲರೂ ಬಯಲು ಸುತ್ತಬೇಕು, ಓಡಲಾಗದವರು ನಡೆಯಬೇಕು. ಮಧ್ಯಾಹ್ನ ಎಲ್ಲರ ಬುತ್ತಿಯೂ ಒಂದೇ ಕಡೆ ಬಿಚ್ಚಬೇಕು, ಅವರೇ ಹಂಚುವರು. ನಮ್ಮ ಶಾಲೆಯಲ್ಲಿ ಅರ್ಧ ಮಕ್ಕಳು ಬುತ್ತಿ ಇಲ್ಲದೆ ಬಂದು ಹಾಲಿನ ಪುಡಿ ಕಲಸಿದ ನೀರಿಗೆ ಕಾಯುತ್ತಿದ್ದವರು. “ನನ್ನ ಸಾಲ್ಯಾಗ ಹಸದ ಕೂಸೂ ಇರಬಾರದು, ಉಂಡು ಉಂಡು ಕುಂತ ಕೂಸೂ ಇರಬಾರದು,” ಎನ್ನುತ್ತಿದ್ದರು ಅಕ್ಕೋರು. ನನ್ನ ತುಪ್ಪದ ಅನ್ನ ನಾಲ್ಕು ಬಾಯಿಗೆ ಹೋಗಿ, ನನ್ನ ಕೈಗೆ ಜೋಳದ ರೊಟ್ಟಿ, ಪುಂಡಿ ಪಲ್ಯೆ ಬರುತ್ತಿತ್ತು. ಯಾರ ಮನೆಯ ರೊಟ್ಟಿ ಯಾರು ಉಂಡರೆಂದು ಊರಿಗೆ ಗೊತ್ತಾದರೆ ಶಾಲೆಯ ಬಾಗಿಲೇ ಮುಚ್ಚುತ್ತಿತ್ತು. ಹಾಗಾಗಿ ಬಾಯಿ ಬಿಡಬಾರದೆಂದು ಮಕ್ಕಳೇ ಕರಾರು ಮಾಡಿಕೊಂಡೆವು. “ಬುತ್ತಿ ಉಂಡಿ?” ಎಂದು ಆಯಿ ಕೇಳಿದರೆ, “ಉಂಡೆ” ಎನ್ನುತ್ತಿದ್ದೆ.

ಆದರೆ ಓಡುವುದನ್ನು ಮುಚ್ಚಿಡಲು ಆಗುತ್ತದೆಯೇ? ಮೊಮ್ಮಗಳನ್ನು ಬಿಸಿಲಲ್ಲಿ ಓಡಿಸುತ್ತಾರೆಂಬ ಸುದ್ದಿ ಆಯಿಯ ಕಿವಿಗೆ ಬಿತ್ತು. ಅವಳು ಹೇಳಿಕಳಿಸುವ ಮೊದಲೇ ಅಕ್ಕೋರು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು, ಸಣ್ಣ ದನಿಯಲ್ಲಿ, ಈ ವಯಸ್ಸಿಗೆ ಮೈ ಹೀಗೆ ಬೆಳೆದರೆ ಮುಂದೆ ಕಷ್ಟ ಎಂದು ತಿಳಿಸಿ ಹೇಳಿದರು.

“ಊಟ ಬಲ್ಲವನಿಗೆ ರೋಗ ಇಲ್ಲ ಅಂತಾರಲ್ರಿ ಹಿರೇರು,” ಎಂದರು.

“ಖರೆ ಐತಿ. ಉಣ್ಣಾಕ ನನ್ನ ಮೊಮ್ಮಗಳಿಗಿಂತ ಬಲ್ಲೋರು ಯಾರದಾರ?” ಎಂದಳು ಆಯಿ.

ನನಗೆ ನಗು ಬಂತು, ಅಕ್ಕೋರಿಗೂ ಬಂದಿರಬೇಕು. ಆದರೆ ಆಯಿಯ ಮುಖದಲ್ಲಿ ನಗುವಿರಲಿಲ್ಲ. “ಅಕ್ಕೋರ, ಎರಡು ಕೂಸು ಮಣ್ಣಿಗೆ ಇಟ್ಟೀನಿ. ಎತ್ತಿದ್ರ ಕೈಗೆ ಭಾರ ಇದ್ದಿಲ್ಲ ಅವು. ಸುಗ್ಗಿಗೆ ಇಕೀನ್ನ ತೂಗತೀನಿ. ಹೋದ ವರ್ಷಕ್ಕಿಂತ ಒಂದು ಹಿಡಿ ಕಮ್ಮಿ ಬಂದ್ರೂ ಸಾಲಿ ಬಂದ್.” ಅಕ್ಕೋರು ಎದ್ದು ಹೋಗುವಾಗ ನನ್ನ ತಲೆ ಸವರಿದರು.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು. ಅಷ್ಟರಲ್ಲಿ ನಡಿಗೆ ಓಟವಾಗತೊಡಗಿತ್ತು. ಮೊದಲು ಬೇವಿನ ಮರದವರೆಗೆ, ಆಮೇಲೆ ಬಾವಿಯವರೆಗೆ, ಒಂದು ದಿನ ಇಡೀ ಬಯಲು. ಆ ದಿನ ನನಗಾದ ಸಂತೋಷವನ್ನು ಮುಂದೆ ಮದುವೆಯಲ್ಲೂ ಕಾಣಲಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ. ಆದರೆ ಓಡಿದಷ್ಟೂ ಶಾಲೆ ಕೈತಪ್ಪುತ್ತದೆ, ಓಡದಿದ್ದರೆ ಶಾಲೆ ಯಾಕೆ ಬೇಕು? ಲಂಗದ ಲಾಡಿ ಸಡಿಲವಾದಾಗಲೆಲ್ಲ ಆಯಿಗೆ ಕಾಣದಂತೆ ಬಿಗಿದು ಕಟ್ಟಿಕೊಳ್ಳುತ್ತಿದ್ದೆ.

ಅವ್ವನಿಗೆ ಎಲ್ಲ ಗೊತ್ತಿತ್ತು. ಎಣ್ಣೆ ಹಚ್ಚುವ ಕೈಗೆ ಗಾಯ ಮಾಗಿದ್ದು ತಿಳಿಯದೇ? ಅತ್ತೆಯ ಎದುರು ಮಾತಾಡುವ ಧೈರ್ಯ ಅವಳಿಗಿಲ್ಲ, ಮಗಳ ಓದು ನಿಲ್ಲಿಸುವ ಮನಸ್ಸೂ ಇಲ್ಲ. ಅತ್ತ ದರಿ, ಇತ್ತ ಪುಲಿ. ತೂಗುವ ದಿನ ಬೆಳಗ್ಗೆ ನನ್ನನ್ನು ಅಡಿಗೆ ಮನೆಗೆ ಕರೆದು ಒಂದು ಚೆಂಬು ಮಜ್ಜಿಗೆ ಕುಡಿಸಿದಳು, ಅದರ ಮೇಲೆ ಒಂದು ಚೆಂಬು ನೀರು. ತನ್ನ ಬೆಳ್ಳಿ ಡಾಬು ನನ್ನ ಸೊಂಟಕ್ಕೆ ಬಿಗಿದಳು, ಕಾಲಿಗೆ ಕಡಗ ಏರಿಸಿದಳು. “ಒಂದಕ್ಕ ಹೋಗಬ್ಯಾಡ, ತೂಗೋ ತನಕ ತಡಕೋ,” ಎಂದು ಕಿವಿಯಲ್ಲಿ ಹೇಳಿದಳು.

ಬಂಡಿಯಲ್ಲಿ ಸಿಂಧನೂರಿನ ದಾರಿಯುದ್ದಕ್ಕೂ ತಡೆದುಕೊಂಡೇ ಕೂತೆ. ಗಿರಣಿಯಲ್ಲಿ ಮಸ್ಕಿಯಿಂದ ಆಯಿಯ ತವರಿನವರು ಬಂದಿದ್ದರು. ಹೋದ ವರ್ಷದ ನನ್ನ ತೂಕದಷ್ಟು ಅಕ್ಕಿಯನ್ನು ಹಮಾಲ ಮೊದಲೇ ತಟ್ಟೆಗೆ ಸುರಿದಿದ್ದ. ನನ್ನನ್ನು ಕೂರಿಸಿದ ಮೇಲೆ ಇನ್ನಷ್ಟು ಸುರಿಯುವುದು ಪದ್ಧತಿ. ಎಷ್ಟು ಹೆಚ್ಚು ಸುರಿದರೆ ಅಷ್ಟು ಸಂಭ್ರಮ. ಆಯಿ ಹೆಚ್ಚಿನ ಅಕ್ಕಿ ತುಂಬಿದ ಮೊರ ಹಿಡಿದು ನಿಂತಿದ್ದಳು.

ನನ್ನನ್ನು ಎತ್ತಿ ಕೂರಿಸಿದರು. ಹಮಾಲ ಕೈ ಬಿಟ್ಟ. ಕೆಳಗೆ ಹೋಗಬೇಕಾದ ನನ್ನ ತಟ್ಟೆ ಅಲುಗಾಡಿ, ನಿಧಾನವಾಗಿ ಮೇಲಕ್ಕೇರಿತು.

ನಾನು ಸರಪಳಿ ಹಿಡಿದು, ಕೆಳಗೆ ಜಗ್ಗಿದರೆ ಇಳಿಯುವುದೇನೋ ಎಂದು ಮೈ ಭಾರ ಬಿಟ್ಟೆ. ಇಳಿಯಲಿಲ್ಲ. ಮಜ್ಜಿಗೆ, ನೀರು, ಡಾಬು, ಕಡಗ, ಯಾವುದೂ ನನ್ನ ಕೈ ಹಿಡಿಯಲಿಲ್ಲ.

“ಒಂದೀಟು ಅಕ್ಕಿ ತಗೀಲೇನ್ರೆವಾ?” ಎಂದ ಹಮಾಲ.

“ದೇವರಿಗೆ ಇಟ್ಟಿದ್ದು ತಗೀಬಾರದು,” ಎಂದಳು ಆಯಿ. ಮೊರವನ್ನು ನೆಲಕ್ಕಿಟ್ಟಳು. ಅವಳ ಮುಖ ಸುಣ್ಣದ ಗೋಡೆಯಂತೆ ಬಿಳಿಚಿತ್ತು. “ಕೂಸು ಕರಗಾಕತ್ತೈತಿ. ಮತ್ತ ಅದ ಆಗಾಕತ್ತೈತಿ. ನಾಳಿಂದ ಸಾಲಿ ಇಲ್ಲ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ಎಲ್ಲಿಂದ ಸಿಟ್ಟು ಬಂತೋ ಕಾಣೆ, ತಟ್ಟೆಯಿಂದ ಜಿಗಿದೆ. ಖಾಲಿ ತಟ್ಟೆ ಹಾರಿ ಹಮಾಲನ ಮೊಣಕೈಗೆ ಬಡಿಯಿತು. ಅವನು ಬೈದದ್ದು ಕೇಳುವಷ್ಟರಲ್ಲಿ ನಾನು ಗಿರಣಿಯ ಹಿಂದಿನ ಬಾಗಿಲು ದಾಟಿದ್ದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಉಪಕಾಲುವೆ. ಎತ್ತ ಹೋಗುತ್ತಿದ್ದೇನೆಂಬ ಎಚ್ಚರ ನನಗಿರಲಿಲ್ಲ, ಓಡಬೇಕಿತ್ತು ಅಷ್ಟೆ. ಹಿಂದೆ ಯಾರೋ ಚೀರಿದರು: “ಕೂಸು ಕಾಲುವಿಗೆ ಹಾರತೈತಿ, ಹಿಡೀರೋ!”

ಹಾರುವ ಯೋಚನೆ ನನಗೆ ಸುತಾರಾಂ ಇರಲಿಲ್ಲ. ದಂಡೆ ಏರಿ ನಿಂತೆ. ಕೆಳಗೆ ಕೆಂಪು ನೀರು ಹರಿಯುತ್ತಿತ್ತು. ತಿರುಗಿ ನೋಡಿದರೆ ಎಲ್ಲರಿಗಿಂತ ಮುಂದೆ ಆಯಿ, ಸೆರಗು ಜಾರಿದ್ದೂ ತಿಳಿಯದೆ ಓಡಿಬರುತ್ತಿದ್ದಳು. ದಂಡೆ ಹತ್ತುವಾಗ ಕಾಲು ಸೋತು ಮಣ್ಣಿಗೆ ಕೈಯೂರಿ ಕುಸಿದಳು. ನಾನು ಇಳಿದು ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಎದೆ ತಿದಿಯೊತ್ತಿದಂತೆ ಏರಿಳಿಯುತ್ತಿತ್ತು. ಸತ್ತೇ ಹೋಗುತ್ತಾಳೆಂದು ಹೆದರಿ ಬೆನ್ನು ತಿಕ್ಕಿದೆ.

ಅವ್ವ ಓಡಿಬಂದಳು. ಆಯಿ ಕೈ ಮಾಡಿ ಅವಳನ್ನು ದೂರವೇ ನಿಲ್ಲಿಸಿದಳು. ಉಸಿರು ತಿರುಗಿದ ಮೇಲೆ ನನ್ನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು. ಮುಖ ನೋಡಿದಳು, ಮತ್ತೆ ಗಿರಣಿಯತ್ತ ನೋಡಿದಳು.

“ಅಲ್ಲಿಂದ ಇಲ್ಲೀತನ ನೀನ ಓಡಿ ಬಂದೇನ?”

“ಹೂಂ.”

“ಆ ಎರಡೂ ಹೊಸ್ತಿಲ ದಾಟಲಾರದ ಹೋದ್ವು,” ಎಂದಳು. “ನಮ್ಮ ಮನ್ಯಾಗ ಮೊಮ್ಮಕ್ಕಳು ಓಡಿದ್ದು ನಾ ಕಂಡೇ ಇದ್ದಿಲ್ಲ.”

ನಾನು ಕೇಳಿದೆ, “ಆಯಿ, ಸಾಲಿ?”

“ಹೋಗಂತಿ.” ಅವಳು ಲಂಗದ ಅಂಚನ್ನು ಬಿಟ್ಟಳು. “ಈಗ ಇನ್ನೊಮ್ಮೆ ಓಡು. ಗಿರಣಿ ತನಕ ಹೋಗಿ ಬಾ. ನಿನ್ನ ಹಿಂದ ಓಡೋದರಾಗ ಸರೀಗೆ ನೋಡಲಿಲ್ಲ ನಾ.”