ಎಡಗೈಯಲ್ಲಿ ಉಂಡ ಅಜ್ಜೀಪುರ

ನಿವೃತ್ತಿಯಾದ ಮೇಲೆ ನನ್ನ ಜೊತೆಯ ಮೇಷ್ಟ್ರುಗಳು ವಾಕಿಂಗ್ ಹಿಡಿದರು, ಕೆಲವರು ಭಜನೆ ಹಿಡಿದರು. ನಾನು ಕಂಡವರ ಮನೆಯ ಹಳೇ ಸ್ಲೈಡುಗಳನ್ನು ಹಿಡಿದೆ. ಹೆಬ್ಬೆಟ್ಟಿನಗಲದ ಬಣ್ಣದ ಫಿಲ್ಮನ್ನು ರಟ್ಟಿನ ಚೌಕಟ್ಟಿಗೆ ಸಿಕ್ಕಿಸಿ, ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು ನೋಡುತ್ತಿದ್ದರಲ್ಲ, ಆ ಸ್ಲೈಡು. ಕೊಳ್ಳೇಗಾಲದ ಗುಜರಿ ಅಂಗಡಿಗಳಲ್ಲಿ ಅದನ್ನು ಕೇಳಿಕೊಂಡು ಹೋಗುವವನು ನಾನೊಬ್ಬನೇ. ಹಾಗಾಗಿ ಎಲ್ಲಾದರೂ ಸಿಕ್ಕರೆ ನನಗೇ ಫೋನು ಬರುತ್ತಿತ್ತು.

ಒಂದು ದಿನ ಬಿಸ್ಕತ್ತಿನ ಡಬ್ಬದ ತುಂಬ ಸ್ಲೈಡು ಬಂತು. "ಯಳಂದೂರಲ್ಲಿ ಒಂದು ಹಳೇ ಮನೆ ಕೆಡವುತಾವ್ರೆ ಸಾ, ಅಟ್ಟದಲ್ಲಿತ್ತು" ಎಂದ ಗುಜರಿಯವನು. ರೇಷ್ಮೆ ಬೆಳೆಗಾರರಿಗೆ ಹುಳ ಸಾಕುವುದನ್ನು ಕಲಿಸುತ್ತ ಹಳ್ಳಿ ತಿರುಗುತ್ತಿದ್ದ ಅಧಿಕಾರಿಯೊಬ್ಬರು ತೆಗೆದಿದ್ದ ಪಟಗಳಂತೆ. ಅವರು ಹೋಗಿ ಎಷ್ಟೋ ವರ್ಷವಾಗಿದೆ, ಮನೆಯವರಿಗೆ ಅವು ಬೇಡ. ಪ್ರತಿ ರಟ್ಟಿನ ಮೇಲೂ ನೀಲಿ ಶಾಯಿಯಲ್ಲಿ ಊರ ಹೆಸರು ಬರೆದಿತ್ತು: ಅಗರ, ಹನೂರು, ಅಜ್ಜೀಪುರ.

ನಾನು ಸ್ಕ್ಯಾನರ್ ಕೊಂಡು ಒಂದು ತಿಂಗಳಾಗಿತ್ತು. ಅದರ ಜೊತೆ ಬಂದ ಪುಸ್ತಕ ಓದುವುದು ನನ್ನಂಥ ವಿಜ್ಞಾನದ ಮೇಷ್ಟರಿಗೆ ಅವಮಾನ ಎಂದುಕೊಂಡಿದ್ದೆ. ಊರ ಹೆಸರು ನನಗೆ ಕಾಣಲೆಂದು, ಬರಹ ಮೇಲೆ ಮಾಡಿ ಒಂದೊಂದನ್ನೇ ಗಾಜಿನ ಮೇಲಿಟ್ಟೆ. ಅಜ್ಜೀಪುರದ ಪಟ ಪರದೆ ಮೇಲೆ ಬಂದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಜಗಲಿಯ ಮೇಲೆ ಕೆತ್ತನೆಯ ಕಂಬದ ಪಕ್ಕ ಇಬ್ಬರು ಎಳೇ ಹೆಂಗಸರು, ಹುಳ ಗೂಡು ಕಟ್ಟಿದ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿ ಹಿಡಿದು ಬಾಯ್ತುಂಬ ನಗುತ್ತಿದ್ದಾರೆ. ಅವರ ಹಿಂದೆ ಗಂಡಸರು ಸಾಲಾಗಿ ಊಟಕ್ಕೆ ಕೂತಿದ್ದಾರೆ. ಎಲ್ಲರೂ ಎಡಗೈಯಲ್ಲಿ ಉಣ್ಣುತ್ತಿದ್ದಾರೆ! ಹೆಂಗಸರ ಸೆರಗೂ ಬಲ ಹೆಗಲ ಮೇಲಿದೆ.

ಎರಡು ದಿನ ಯೋಚಿಸಿ ನಾನೊಂದು ಸಿದ್ಧಾಂತ ಕಟ್ಟಿದೆ. ಹುಳಕ್ಕೆ ಸೊಪ್ಪು ಹಾಕುವ ಬಲಗೈಯನ್ನು ಎಂಜಲು ಮಾಡಬಾರದೆಂಬ ನಂಬಿಕೆ ಈ ಸೀಮೆಯಲ್ಲಿ ಇದ್ದಿರಬೇಕು. ಬಲಗೈಯ ಆ ಗೌರವವೇ ಸೆರಗಿಗೂ ದಾಟಿರಬೇಕು. ಬರೆದು ಹೆಂಡತಿಗೆ ಓದಿ ಹೇಳಿದೆ.

"ನಿಮ್ಮಜ್ಜಿ ಮನೇಲೂ ಹುಳ ಸಾಕ್ತಿದ್ರಲ್ಲ, ಅವರೇನು ಎಡಗೈಲಿ ಉಣ್ತಿದ್ರಾ?" ಎಂದಳು.

"ಸಂಶೋಧನೆ ಬೇರೆ, ಅಜ್ಜಿ ಬೇರೆ" ಎಂದೆ.

ಮೇಷ್ಟ್ರುಗಳ ವಾಟ್ಸಾಪ್ ಗುಂಪಿಗೆ ಪಟ ಹಾಕಿ, 'ಸಮೃದ್ಧ ಬೆಳೆಯ ಸಂತಸದಲ್ಲಿ' ಎಂದು ತಲೆಬರಹ ಕೊಟ್ಟು, ಕೆಳಗೆ ನನ್ನ ಪ್ರಬಂಧ ಹಾಕಿದೆ. ಕೈಮುಗಿದ ಚಿತ್ರಗಳು ಸುರಿದವು. ಇತಿಹಾಸದ ಮೇಷ್ಟರೊಬ್ಬರು 'ಅಪೂರ್ವ ಶೋಧ' ಎಂದು ಬರೆದರು. ಆ ಉಬ್ಬಿನಲ್ಲೇ ಪಟದ ದೊಡ್ಡ ಪ್ರಿಂಟು ಹಾಕಿಸಿ, ಸಾಕ್ಷಿ ಹುಡುಕಲು ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಹತ್ತಿದೆ. ಭಕ್ತರ ಬ್ಯಾಗುಗಳ ನಡುವೆ ಒಂಟಿ ಕಾಲಲ್ಲಿ ನಿಂತು ಅಜ್ಜೀಪುರದಲ್ಲಿ ಇಳಿದೆ.

ಟೀ ಅಂಗಡಿಯವನು ಪಟ ನೋಡಿ, ಕಂಬದ ಗುರುತಿನ ಮೇಲೆ ಒಂದು ಮನೆ ತೋರಿಸಿದ. ಅಲ್ಲಿ ಎಪ್ಪತ್ತರ ಆಚೀಚಿನ ಒಬ್ಬ ಹೆಂಗಸು ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಪಟ ಕೈಗೆ ಕೊಟ್ಟೆ. ನಗುತ್ತಿದ್ದ ಇಬ್ಬರಲ್ಲಿ ಒಬ್ಬರು ತಾವೇ ಎಂದರು.

"ಇದ್ಯಾಕ್ ಸಾ, ನಮ್ಮಾವ ಎಡಗೈಲಿ ಉಣ್ತಾ ಕೂತವ್ನೆ?"

"ಅದನ್ನೇ ಕೇಳೋಕೆ ಬಂದೆ ಅವ್ವಾ. ಆಗ ನಿಮ್ಮಲ್ಲಿ ಹಾಗೊಂದು ಪದ್ಧತಿ ಇತ್ತಾ?"

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಪ್ರಿಂಟನ್ನು ತಿರುಗಿಸಿ, ಬಿಳಿ ಬೆನ್ನು ತಮ್ಮ ಕಡೆ ಮಾಡಿ, ಬಿಸಿಲಿಗೆ ಎತ್ತಿ ಹಿಡಿದರು. "ಈಗ ನೋಡಿ. ಕಂಬ ಈ ಕಡೀಕಿತ್ತು. ಸೆರಗೂ ಸರ್ಯಾಗಯ್ತೆ. ನೀವು ಪಟವ ಉಲ್ಟಾ ಮಾಡ್ಸಿದ್ದೀರಿ ಕಣ್ ಸಾ."

ಕನ್ನಡಿಯಲ್ಲಿ ಎಡ ಬಲವಾಗುವುದನ್ನು ಮೂವತ್ತು ವರ್ಷ ಎಂಟನೇ ತರಗತಿಗೆ ಪಾಠ ಮಾಡಿದವನು ನಾನು. ಆ ಪಟಗಳಲ್ಲಿ ಎಲ್ಲಾದರೂ ಒಂದು ಅಂಗಡಿಯ ಬೋರ್ಡಿದ್ದಿದ್ದರೂ ಅಕ್ಷರ ತಿರುಗಿರುವುದು ಕಾಣುತ್ತಿತ್ತು ಎಂದು ಒಳಗೊಳಗೇ ಸಮಾಧಾನ ಹುಡುಕಿದೆ. ಸಿಗಲಿಲ್ಲ. ಮರ್ಯಾದೆ ಉಳಿಸಿಕೊಳ್ಳಲು, "ಆ ಸಲ ಗೂಡು ಚೆನ್ನಾಗಿ ಬಂದಿತ್ತು ಅನ್ಸುತ್ತೆ, ಎಷ್ಟು ನಗ್ತಿದ್ದೀರಿ" ಎಂದೆ.

"ಎಲ್ಲಿ ಬಂತು! ನಮ್ ಉಳ ಎಲ್ಲಾ ಸತ್ತೋಗಿದ್ವು. ಆ ಸಾಯೇಬ್ರು ಪಟ ತೆಗೀಬೇಕು ಅಂದ್ರು, ಪಕ್ಕದ ಮನೆ ಚಂದ್ರಿಕೆ ಇಸ್ಕಬಂದು ನಿಂತ್ಕಂಡ್ವಿ. 'ಗೂಡಿಲ್ದೋರ್ ಮನೇಲಿ ಗೂಡಿನ ಪಟ ತೆಗೀತಾವ್ನಲ್ಲಕ್ಕ' ಅಂತ ಇವಳು ಮೆಲ್ಲಗಂದ್ಲು. ಅದಕ್ಕೇ ನಗು." ಇವಳು ಎಂದು ಅವರು ಬೆರಳಿಟ್ಟದ್ದು ಪಕ್ಕದಲ್ಲಿದ್ದ ತೆಳ್ಳನೆಯ ಹೆಂಗಸಿನ ಮೇಲೆ. ಅವರ ಮೈದುನನ ಹೆಂಡತಿ. ಆ ನಗುವಿನ ಮಾರನೇ ವರ್ಷವೇ ಹೆರಿಗೆಯಲ್ಲಿ ಹೋದಳಂತೆ. ಮನೆಯಲ್ಲಿ ಅವಳದೊಂದು ಪಟವೂ ಇಲ್ಲ.

ಸಂಜೆ ಮನೆಗೆ ಬಂದು ಗುಂಪಿನಲ್ಲಿ ತಪ್ಪೊಪ್ಪಿಗೆ ಬರೆದೆ. ಅದಕ್ಕೆ ಯಾರೂ ಕೈಮುಗಿಯಲಿಲ್ಲ. ಮುನ್ನೂರಕ್ಕೂ ಮಿಕ್ಕ ಸ್ಲೈಡುಗಳನ್ನು ಮಗುಚಿಟ್ಟು ಮತ್ತೆ ಮೊದಲಿಂದ ಸ್ಕ್ಯಾನ್ ಮಾಡುವುದರಲ್ಲಿ ಎರಡು ವಾರ ಹೋಯಿತು.

ಸರಿಯಾದ ಪ್ರಿಂಟು ತೆಗೆದುಕೊಂಡು ಮತ್ತೆ ಅಜ್ಜೀಪುರಕ್ಕೆ ಹೋದೆ. ಅವರು ಸೆರಗಿನಿಂದ ಒರೆಸಿ ನೋಡಿದರು. "ಚೆಂದಾಗಯ್ತೆ. ಆದ್ರೆ ಇವಳೊಬ್ಬಳದ್ನೇ ದೊಡ್ದು ಮಾಡ್ಕೊಡಿ ಸಾ. ನನ್ನ ತಗ್ದಾಕಿ."

"ಯಾಕವ್ವಾ, ನೀವೂ ಇರಲಿ."

"ನಾನೇನು, ಇಲ್ಲೇ ಇವ್ನಲ್ಲ."

ಕಂಪ್ಯೂಟರಿನಲ್ಲಿ ಅವರನ್ನು ಕತ್ತರಿಸಲು ಕೂತೆ. ಅವರ ಕೈ ಆ ತೆಳ್ಳನೆಯ ಹೆಗಲ ಮೇಲಿತ್ತು. ಏನು ಮಾಡಿದರೂ ನಾಲ್ಕು ಬೆರಳು ಉಳಿದವು. ಕೊಡುವಾಗ ಅದನ್ನೂ ಹೇಳಿದೆ. ಅವರು ಬೆರಳುಗಳನ್ನು ನೋಡಿ, "ಇರ್ಲಿ ಬುಡಿ, ಅಷ್ಟು" ಎಂದರು.